ಪೊಟ್ಟಣದ ಪಾಠ

ಪ್ರಕೃತಿಯು ತನ್ನ ತಿನಿಸುಗಳನ್ನು ಹೊದಿಕೆಯಿಲ್ಲದೆ ನಮ್ಮ ಬಳಿಗೆ ಕಳುಹಿಸುವುದು ಅಪರೂಪ. ಬಾಳೆಯ ಹಣ್ಣಿಗೆ ಮಗುವೂ ಸುಲಿಯಬಲ್ಲ ಸಿಪ್ಪೆಯಿದೆ. ದಾಳಿಂಬೆಯ ಕಾಳುಗಳು ತೆಳುವಾದ ಪೊರೆಗಳ ನಡುವೆ ಒಂದನ್ನೊಂದು ಜಜ್ಜದಂತೆ ಕುಳಿತಿವೆ. ತೆಂಗಿನಕಾಯಿಯಂತೂ ಮರದ ತುದಿಯಿಂದ ನೆಲಕ್ಕೆ ಬಿದ್ದರೂ ಒಳಗಿನ ನೀರು ಚೆಲ್ಲುವುದಿಲ್ಲ. ಹೊರಗೆ ನಾರಿನ ಮೆತ್ತೆ, ಅದರೊಳಗೆ ಚಿಪ್ಪಿನ ಗೋಡೆ. ಈ ಎರಡನ್ನೂ ಹಿಂದುಮುಂದಾಗಿ ಇಟ್ಟಿದ್ದರೆ ಏನಾಗುತ್ತಿತ್ತೆಂದು ಯೋಚಿಸಿದರೆ ತೆಂಗಿನಕಾಯಿಯ ವಿನ್ಯಾಸದ ಹಿರಿಮೆ ತಿಳಿಯುತ್ತದೆ.

ಮನುಷ್ಯನು ಈ ವಿದ್ಯೆಯನ್ನು ಕಲಿತದ್ದು ಕೈಗೆ ಸಿಕ್ಕಿದ ವಸ್ತುಗಳಿಂದಲೇ. ಬುತ್ತಿಗೆ ಬಾಳೆಯ ಎಲೆ, ಹೂವಿಗೆ ಮುತ್ತುಗದ ಎಲೆ, ಉಪ್ಪಿನಕಾಯಿಗೆ ಜಾಡಿ, ಬೆಣ್ಣೆಗೆ ಮಣ್ಣಿನ ಕುಡಿಕೆ. ತುಳುನಾಡಿನಲ್ಲಿ ಬತ್ತದ ಹುಲ್ಲನ್ನು ಹರಡಿ, ಅದರೊಳಗೆ ಅಕ್ಕಿಯನ್ನು ಸುರಿದು, ಹುಲ್ಲಿನ ಹಗ್ಗದಿಂದಲೇ ಬಿಗಿದು ‘ಮುಡಿ’ ಕಟ್ಟುತ್ತಿದ್ದರು. ಚೆನ್ನಾಗಿ ಕಟ್ಟಿದ ಮುಡಿಯು ದೊಡ್ಡದೊಂದು ಚೆಂಡಿನಂತೆ ದುಂಡಗಿರುತ್ತಿತ್ತು. ಕಾಳೊಂದೂ ಹೊರಗೆ ಸೋರುತ್ತಿರಲಿಲ್ಲ. ಹೊದಿಕೆಯ ಹೆಸರೇ ಅಳತೆಯ ಹೆಸರೂ ಆಗಿ, ಗೇಣಿಯ ಲೆಕ್ಕವೂ ಮುಡಿಗಳಲ್ಲಿಯೇ ನಡೆಯುತ್ತಿತ್ತು. ಇನ್ನು ದಿನಸಿ ಅಂಗಡಿಯ ಶೆಟ್ಟರು ಹಳೆಯ ಪತ್ರಿಕೆಯ ಹಾಳೆಯನ್ನು ಕ್ಷಣದಲ್ಲಿ ಸುರುಳಿ ಸುತ್ತಿ, ಸಾಸಿವೆ ತುಂಬಿ, ಬಾಯಿ ಮಡಿಚಿ, ಮೇಲಿನಿಂದ ಇಳಿಬಿದ್ದ ದಾರವನ್ನು ನಾಲ್ಕು ಸುತ್ತು ಸುತ್ತಿ ಕಿತ್ತು ಕೊಡುತ್ತಿದ್ದುದನ್ನು ಹಿರಿಯರೆಲ್ಲ ಬಲ್ಲರು. ಅದಕ್ಕೆ ಗೋಂದು ಬೇಕಿರಲಿಲ್ಲ, ಗಂಟೂ ಬೇಕಿರಲಿಲ್ಲ. ಆ ಕೈಚಳಕಕ್ಕೆ ಯಾವ ಶಾಲೆಯೂ ಪ್ರಮಾಣಪತ್ರ ಕೊಟ್ಟಿರಲಿಲ್ಲವೆಂಬುದು ಬೇರೆ ಮಾತು.

ಮಂಡ್ಯ ಜಿಲ್ಲೆಯಲ್ಲಿ ಕನ್ನಂಬಾಡಿಯ ನಾಲೆಯ ನೀರು ಹರಿಯುವ ಒಂದು ಹಳ್ಳಿ. ಸುತ್ತಲೂ ಕಬ್ಬಿನ ಗದ್ದೆಗಳು. ಪ್ರೌಢಶಾಲೆಯ ಬೇಲಿಯಾಚೆಗೆ ಒಂದು ಆಲೆಮನೆ. ಗಾಳಿ ಈ ಕಡೆಗೆ ಬೀಸಿದ ದಿನ ಪಾಠದ ನಡುವೆ ಬೆಲ್ಲದ ಪಾಕದ ಪರಿಮಳ ತರಗತಿಯೊಳಗೆ ಬಂದು ಮಕ್ಕಳ ಮನಸ್ಸನ್ನು ಕದಡುವುದುಂಟು. ಆ ಶಾಲೆಯ ಕರಕುಶಲ ವಿದ್ಯೆಯ ಅಧ್ಯಾಪಕರು ಒಂದು ವರ್ಷ ಒಂಬತ್ತನೆಯ ತರಗತಿಯವರಿಗೆ ಬೊಂಬೆ ಮಾಡುವುದನ್ನೂ ಚಾಪೆ ಹೆಣೆಯುವುದನ್ನೂ ಬಿಟ್ಟು, ಹೊಸದೊಂದು ಯೋಜನಾ ಕಾರ್ಯವನ್ನು ಕೊಟ್ಟರು.

“ಬೆಲ್ಲಕ್ಕೆ ಒಂದು ಅಂಗಿ ಹೊಲಿಯಿರಿ” ಎಂದರು ಅವರು.

ಮಕ್ಕಳು ನಕ್ಕರು. ಆದರೆ ಆಲೆಮನೆಯ ಯಜಮಾನನ ಮಗಳು ನಗಲಿಲ್ಲ. ಮಳೆಗಾಲದಲ್ಲಿ ಬೆಲ್ಲವು ಬೆವರಿ, ಕರಗಿ, ಗೋಣಿಗೆ ಅಂಟಿಕೊಂಡು, ಮಂಡಿಯಲ್ಲಿ ಬೆಲೆ ಕಳೆದುಕೊಳ್ಳುವುದನ್ನು ಅವಳು ಪ್ರತಿವರ್ಷವೂ ಕಂಡಿದ್ದಳು.

ಮೊದಲ ವಾರ ಹೊಸದೇನನ್ನೂ ಮಾಡಲು ಅಧ್ಯಾಪಕರು ಬಿಡಲಿಲ್ಲ. ಇದ್ದುದನ್ನು ಬಿಚ್ಚಲು ಹೇಳಿದರು. ಪ್ರತಿಯೊಬ್ಬರೂ ಮನೆಯಿಂದ ಒಂದೊಂದು ಖಾಲಿ ಪೆಟ್ಟಿಗೆಯನ್ನು ತಂದರು. ಬೆಂಕಿಪೆಟ್ಟಿಗೆ, ಹಲ್ಲುಪುಡಿಯ ಪೆಟ್ಟಿಗೆ, ಊದುಬತ್ತಿಯ ಪೆಟ್ಟಿಗೆ, ಔಷಧಿಯ ಪೆಟ್ಟಿಗೆ. ಅಂಟು ಬಿಡಿಸಿ ನೆಲದ ಮೇಲೆ ಹರಡಿದಾಗ ಎಲ್ಲವೂ ಒಂದೇ ಹಾಳೆಯಿಂದ ಕತ್ತರಿಸಿದವೆಂಬುದು ಕಂಡಿತು. ಎಲ್ಲಿ ಮಡಿಕೆ, ಎಲ್ಲಿ ಅಂಟಿನ ಪಟ್ಟಿ, ಯಾವ ಕಿವಿ ಯಾವ ಸೀಳಿನೊಳಗೆ ಸೇರುತ್ತದೆ ಎಂಬುದನ್ನು ಮಕ್ಕಳು ಬರೆದುಕೊಂಡರು.

ಹೀಗೆ ಒಂದೇ ಹಾಳೆಯನ್ನು ಕತ್ತರಿಸಿ ಮಡಿಸುವ ರಟ್ಟಿನ ಪೆಟ್ಟಿಗೆಯ ಹಿಂದೆ ಒಂದು ತಪ್ಪಿನ ಕಥೆಯಿದೆ. 1879ರಲ್ಲಿ ಅಮೆರಿಕದ ಬ್ರೂಕ್ಲಿನ್ ನಗರದಲ್ಲಿ ರಾಬರ್ಟ್ ಗೇರ್ ಎಂಬ ಕಾಗದದ ಚೀಲಗಳ ತಯಾರಕನ ಕಾರ್ಖಾನೆಯಲ್ಲಿ ಅಚ್ಚುಯಂತ್ರದ ಲೋಹದ ಪಟ್ಟಿಯೊಂದು ತನ್ನ ಸ್ಥಾನದಿಂದ ಮೇಲೆದ್ದು, ಮಡಿಕೆಯ ಗೆರೆ ಒತ್ತುವ ಬದಲು ಚೀಲಗಳನ್ನೇ ಕತ್ತರಿಸಿಹಾಕಿತು. ಇನ್ನೊಬ್ಬನಾಗಿದ್ದರೆ ಕೆಲಸಗಾರನನ್ನು ಬೈದು ಸುಮ್ಮನಾಗುತ್ತಿದ್ದನೇನೋ. ಗೇರ್ ಬೇರೆಯಾಗಿ ಯೋಚಿಸಿದನು: ಎತ್ತರವಾದ ಪಟ್ಟಿ ಕತ್ತರಿಸುವುದಾದರೆ, ತಗ್ಗಾದ ಪಟ್ಟಿ ಗೆರೆಯೊತ್ತುವುದಾದರೆ, ಎರಡನ್ನೂ ಒಂದೇ ಅಚ್ಚಿನಲ್ಲಿ ಕೂರಿಸಬಾರದೇಕೆ? ಅಲ್ಲಿಂದ ಮುಂದೆ ಪೆಟ್ಟಿಗೆಗಳು ಚಪ್ಪಟೆಯಾಗಿಯೇ ಕಾರ್ಖಾನೆಯಿಂದ ಹೊರಟು, ಬೇಕಾದಲ್ಲಿ ಎದ್ದು ನಿಲ್ಲತೊಡಗಿದವು.

ಎರಡನೆಯ ವಾರ ಗಣಿತದ ಅಧ್ಯಾಪಕರೂ ಬಂದು ಸೇರಿದರು. ಘನಾಕೃತಿಯ ಪೆಟ್ಟಿಗೆಯನ್ನು ಎಷ್ಟು ಬಗೆಯಲ್ಲಿ ಬಿಚ್ಚಿ ಹರಡಬಹುದು ಎಂಬುದು ಅವರ ಪ್ರಶ್ನೆ. ಶಿಲುಬೆಯ ಆಕಾರವೊಂದೇ ಎಂದು ತಿಳಿದಿದ್ದ ಮಕ್ಕಳು ಚೌಕಗಳನ್ನು ಜೋಡಿಸಿ ನೋಡುತ್ತ ಹೋದಂತೆ ಹನ್ನೊಂದು ಆಕೃತಿಗಳು ದೊರೆತವು, ಹನ್ನೆರಡನೆಯದು ಇಲ್ಲ. ಇದು ಬರಿಯ ಆಟವಲ್ಲ. 10 ಸೆಂಟಿಮೀಟರ್ ಅಂಚಿನ ಘನವೊಂದನ್ನು ಶಿಲುಬೆಯಾಕಾರದಲ್ಲಿ ಕತ್ತರಿಸಲು 40 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ರಟ್ಟು ಬೇಕು. ಅದರ ವಿಸ್ತೀರ್ಣ 1200 ಚದರ ಸೆಂಟಿಮೀಟರ್. ಪೆಟ್ಟಿಗೆಗೆ ಸಲ್ಲುವುದು 600 ಮಾತ್ರ. ಮೇಲಿನ ಸಾಲಿನಲ್ಲಿ ಮೂರು ಚೌಕ, ಅದರ ಕೊನೆಯ ಚೌಕದ ಕೆಳಗಿನಿಂದ ಹೊರಟು ಕೆಳಗಿನ ಸಾಲಿನಲ್ಲಿ ಮೂರು ಚೌಕ, ಹೀಗೆ ಮೆಟ್ಟಿಲಿನಂತೆ ಜೋಡಿಸಿದರೆ 50 ಸೆಂಟಿಮೀಟರ್ ಉದ್ದ, 20 ಸೆಂಟಿಮೀಟರ್ ಅಗಲದ ರಟ್ಟು ಸಾಕು, ಅದು 1000. ಒಂದು ಪೆಟ್ಟಿಗೆಗೆ 200 ಚದರ ಸೆಂಟಿಮೀಟರ್ ಉಳಿತಾಯವೆಂದರೆ ಸಾವಿರ ಪೆಟ್ಟಿಗೆಗೆ ಎಷ್ಟಾಯಿತು? ಹಿಂದಿನ ಬೆಂಚಿನ ಹುಡುಗನೊಬ್ಬ, ಗಣಿತದಲ್ಲಿ ಎಂದೂ ಬಾಯಿ ಬಿಡದವನು, ಇದನ್ನು ಮೊದಲು ಕಂಡುಹಿಡಿದನು. ಅವನ ತಾಯಿ ರವಿಕೆ ಹೊಲಿಯುವವಳು. ಬಟ್ಟೆ ಕತ್ತರಿಸುವಾಗ ಚೂರು ಉಳಿಸುವ ಉಪಾಯವನ್ನು ಅವನು ಮನೆಯಲ್ಲಿಯೇ ಕಂಡಿದ್ದನು.

ಪೆಟ್ಟಿಗೆಯ ಆಕಾರದಲ್ಲಿಯೂ ಉಳಿತಾಯವಿದೆ. ಒಂದು ಲೀಟರು ಹಿಡಿಸುವ, ಅಂದರೆ 1000 ಘನ ಸೆಂಟಿಮೀಟರಿನ ಪೆಟ್ಟಿಗೆಯನ್ನು ಘನಾಕಾರದಲ್ಲಿ ಮಾಡಿದರೆ ಮೇಲ್ಮೈ 600 ಚದರ ಸೆಂಟಿಮೀಟರ್. ಅದನ್ನೇ 20, 10, 5 ಸೆಂಟಿಮೀಟರುಗಳ ಇಟ್ಟಿಗೆಯಾಕಾರಕ್ಕೆ ತಂದರೆ 700. 25, 20, 2ರ ಚಪ್ಪಟೆ ಪೆಟ್ಟಿಗೆಯಾದರೆ 1180. ಗೋಳಕ್ಕೆ ಎಲ್ಲಕ್ಕಿಂತ ಕಡಿಮೆ, ಸುಮಾರು 484. ಹಾಗಾದರೆ ಉಂಡೆಯೇ ಶ್ರೇಷ್ಠವಲ್ಲವೆ ಎಂದು ಮಕ್ಕಳು ಕೇಳಿದರು. ಊರಿನಲ್ಲಿ ಉಂಡೆಬೆಲ್ಲವೂ ಇದ್ದಿತಲ್ಲ! ಆದರೆ ಉಂಡೆಯೊಂದನ್ನು ಅದರ ಆರು ಬದಿಗಳಿಗೂ ತಾಗುವಂತಹ ಚೌಕ ಪೆಟ್ಟಿಗೆಯಲ್ಲಿಟ್ಟರೆ ಬೆಲ್ಲವು ತುಂಬುವುದು ನೂರರಲ್ಲಿ ಸುಮಾರು 52 ಭಾಗ ಮಾತ್ರ, ಉಳಿದದ್ದು ಗಾಳಿ. ಉಂಡೆಗಳನ್ನು ಎಷ್ಟು ಜಾಣತನದಿಂದ ಪೇರಿಸಿದರೂ ಸುಮಾರು 74 ಭಾಗವನ್ನು ಮೀರಲಾಗದೆಂದು ಖಗೋಳ ವಿಜ್ಞಾನಿ ಯೋಹಾನಸ್ ಕೆಪ್ಲರ್ 1611ರಲ್ಲಿ ಊಹಿಸಿದನು. ಆ ಊಹೆಗೆ ಸಾಧನೆ ದೊರೆಯಲು ಸುಮಾರು ನಾಲ್ಕು ಶತಮಾನ ಬೇಕಾಯಿತು. ಚೌಕನೆಯ ಅಚ್ಚುಬೆಲ್ಲವಾದರೋ ಒಂದಕ್ಕೊಂದು ಒತ್ತಿ ಕುಳಿತುಕೊಳ್ಳುತ್ತದೆ. ಲಾರಿಯ ಬಾಡಿಗೆ ಕೊಡುವವನು ಗಾಳಿಗೂ ಬಾಡಿಗೆ ಕೊಡುತ್ತಾನೆಂಬುದು ಅಂದು ಎಲ್ಲರಿಗೂ ಮನದಟ್ಟಾಯಿತು.

ಮೊಟ್ಟೆ ಬೀಳಿಸುವ ಪರೀಕ್ಷೆಯ ದಿನ ಇಡೀ ಶಾಲೆಯೇ ಅಂಗಳದಲ್ಲಿ ನೆರೆದಿತ್ತು. ಪ್ರತಿ ಗುಂಪೂ ಒಂದೊಂದು ಹಸಿ ಮೊಟ್ಟೆಯನ್ನು ತಮಗೆ ತೋಚಿದಂತೆ ಕಟ್ಟಿ ತರಬೇಕು. ಅದನ್ನು ಮಹಡಿಯ ಮೇಲಿನಿಂದ ಕೆಳಕ್ಕೆ ಬಿಡಲಾಗುವುದು. ಒಬ್ಬನು ಬೇಯಿಸಿದ ಮೊಟ್ಟೆಯನ್ನು ತಂದು ಸಿಕ್ಕಿಬಿದ್ದನು. ಹತ್ತಿಯನ್ನು ಧಾರಾಳವಾಗಿ ತುಂಬಿದ ಗುಂಪಿನ ಮೊಟ್ಟೆ ಒಡೆಯಿತು. ಮೊಟ್ಟೆಯು ಹತ್ತಿಯ ನಡುವೆ ಜಾರಿ ತಳಕ್ಕೆ ತಾಗಿಕೊಂಡಿದ್ದೇ ಕಾರಣ. ಬತ್ತದ ಹುಲ್ಲನ್ನು ಮುಡಿಯಂತೆ ಸುತ್ತಿ ಕಟ್ಟಿದವರ ಮೊಟ್ಟೆ ಪುಟಿದು ಉರುಳಿ ಸುರಕ್ಷಿತವಾಗಿ ನಿಂತಿತು. ಮೊಟ್ಟೆಯನ್ನು ಒಡೆಯುವುದು ಬೀಳುವಿಕೆಯಲ್ಲ, ಥಟ್ಟನೆ ನಿಲ್ಲುವಿಕೆ. ನಿಲ್ಲುವ ಕ್ಷಣವನ್ನು ಸ್ವಲ್ಪ ಹಿಗ್ಗಿಸಬಲ್ಲ ವಸ್ತುವೇ ಒಳ್ಳೆಯ ಮೆತ್ತೆ. ಎರಡು ಹಾಳೆಗಳ ನಡುವೆ ಅಲೆಯಲೆಯಾದ ಕಾಗದವನ್ನಿಟ್ಟು ಅಂಟಿಸಿದ ರಟ್ಟೂ ಇದೇ ಕೆಲಸವನ್ನು ಮಾಡುತ್ತದೆ. ಗಾಜಿನ ಸೀಸೆಗಳಿಗೆ ಸುತ್ತಲೆಂದು ಅಂತಹ ಅಲೆಗಾಗದಕ್ಕೆ ಆಲ್ಬರ್ಟ್ ಜೋನ್ಸ್ ಎಂಬುವನು 1871ರಲ್ಲಿ ಅಮೆರಿಕದಲ್ಲಿ ಪೇಟೆಂಟು ಪಡೆದನು.

ಇಷ್ಟಾದರೂ ಬೆಲ್ಲದ ನಿಜವಾದ ಶತ್ರು ಪೆಟ್ಟಲ್ಲ, ತೇವ. ಸಕ್ಕರೆಯಂತೆ ಬೆಲ್ಲವು ಶುದ್ಧಗೊಳಿಸಿದ ಹರಳಲ್ಲ. ಅದರಲ್ಲಿರುವ ಗ್ಲೂಕೋಸು, ಫ್ರಕ್ಟೋಸು ಮತ್ತು ಲವಣಗಳು ಗಾಳಿಯ ತೇವವನ್ನು ಎಳೆದುಕೊಳ್ಳುತ್ತವೆ. ಆದುದರಿಂದ ಆಷಾಢದ ಮೊದಲ ವಾರ ಒಂದೇ ಕೊಪ್ಪರಿಗೆಯ ಪಾಕದಿಂದ ಎರೆದ, ತಲಾ 100 ಗ್ರಾಂ ತೂಗುವ ಆರು ಅಚ್ಚುಗಳನ್ನು ತಂದು ಆರು ಬಗೆಯ ಹೊದಿಕೆಯಲ್ಲಿಟ್ಟರು: ಪತ್ರಿಕೆಯ ಹಾಳೆ, ಹಸಿ ಬಾಳೆಯ ಎಲೆ, ಒಣಗಿದ ಅಡಿಕೆ ಹಾಳೆ, ಮೇಣಗಾಗದ, ಪ್ಲಾಸ್ಟಿಕ್ ಚೀಲ ಮತ್ತು ಬಿಗಿಯಾದ ಮುಚ್ಚಳದ ತಗಡಿನ ಡಬ್ಬಿ. ಪ್ರತಿ ಸೋಮವಾರ ಪ್ರಯೋಗಾಲಯದ ತಕ್ಕಡಿಯಲ್ಲಿ ತೂಗಿ ಬರೆಯಬೇಕು. ತೂಕ ಹೆಚ್ಚಿದರೆ ತೇವ ಒಳಕ್ಕೆ ಬಂದಿತೆಂದು ಅರ್ಥ.

ಬಾಳೆಯ ಎಲೆಯೇ ಗೆಲ್ಲುವುದೆಂದು ಮಕ್ಕಳಲ್ಲಿ ಹೆಚ್ಚಿನವರ ನಂಬಿಕೆಯಾಗಿತ್ತು. ನಮ್ಮ ಹಿರಿಯರ ವಿಧಾನವಲ್ಲವೆ! ಎರಡನೆಯ ಸೋಮವಾರ ಬಿಚ್ಚಿದಾಗ ಎಲೆ ಕಪ್ಪಾಗಿ, ಬೆಲ್ಲದ ಮೇಲೆ ಬೂಷ್ಟು ಹಿಡಿದಿತ್ತು. ಹಸಿ ಎಲೆಯಲ್ಲಿಯೇ ನೀರಿರುತ್ತದೆ. ಅಂದಿನ ಬುತ್ತಿಗೆ ಅದು ಹಿತ, ತಿಂಗಳ ಬೆಲ್ಲಕ್ಕೆ ಅಹಿತ. ಹಿರಿಯರು ಬುತ್ತಿಯನ್ನು ಎಲೆಯಲ್ಲಿ ಕಟ್ಟುತ್ತಿದ್ದರೇ ಹೊರತು ವರ್ಷದ ಬೆಲ್ಲವನ್ನಲ್ಲ ಎಂಬುದನ್ನು ಮಕ್ಕಳು ಮರೆತಿದ್ದರು. ಪತ್ರಿಕೆಯ ಹಾಳೆ ಬೆಲ್ಲಕ್ಕೆ ಅಂಟಿ, ಅಕ್ಷರಗಳು ತಲೆಕೆಳಗಾಗಿ ಅಚ್ಚಾಗಿದ್ದವು. ಅಚ್ಚಿನ ಶಾಯಿ ಹೊಟ್ಟೆಗೆ ಹೋಗಬಾರದೆಂದು ಭಾರತದ ಆಹಾರ ಸುರಕ್ಷತಾ ಮತ್ತು ಮಾನಕ ಪ್ರಾಧಿಕಾರವು 2016ರಲ್ಲಿಯೇ ಎಚ್ಚರಿಕೆ ನೀಡಿದೆ. ಅಡಿಕೆ ಹಾಳೆಯೂ ಮೇಣಗಾಗದವೂ ನಡುವಿನ ಸ್ಥಾನದಲ್ಲಿದ್ದವು. ಪ್ಲಾಸ್ಟಿಕ್ ಚೀಲದೊಳಗಿನ ಅಚ್ಚು ಬಹುಮಟ್ಟಿಗೆ ಹಾಗೆಯೇ ಇತ್ತು. ತಗಡಿನ ಡಬ್ಬಿಯಲ್ಲಿದ್ದುದು ತಿಂಗಳ ಕೊನೆಗೂ ಕಲ್ಲಿನಂತೆ ಗಟ್ಟಿಯಾಗಿತ್ತು.

ತಗಡಿನ ಡಬ್ಬಿಯ ಹಿಂದೆಯೂ ಒಂದು ಇತಿಹಾಸವಿದೆ. ಸೈನ್ಯಕ್ಕೆ ಕೆಡದ ಆಹಾರ ಬೇಕೆಂದು ಫ್ರಾನ್ಸ್ ದೇಶವು ಹುಡುಕುತ್ತಿದ್ದಾಗ, ನಿಕೊಲಾ ಅಪೇರ್ ಎಂಬ ಮಿಠಾಯಿಗಾರನು ಆಹಾರವನ್ನು ಗಾಜಿನ ಸೀಸೆಗಳಲ್ಲಿ ತುಂಬಿ, ಬಿರಡೆ ಬಿಗಿದು, ಕುದಿಯುವ ನೀರಿನಲ್ಲಿ ಕಾಯಿಸುವ ವಿಧಾನವನ್ನು ಕಂಡುಹಿಡಿದು 1810ರಲ್ಲಿ ಸರಕಾರದಿಂದ 12,000 ಫ್ರಾಂಕುಗಳ ಬಹುಮಾನ ಪಡೆದನು. ಅದೇ ವರ್ಷ ಇಂಗ್ಲೆಂಡಿನಲ್ಲಿ ಪೀಟರ್ ಡುರಾಂಡನು ತಗಡಿನ ಡಬ್ಬಿಗೆ ಪೇಟೆಂಟು ಪಡೆದನು. ವಿನೋದವೇನೆಂದರೆ, ಡಬ್ಬಿಯನ್ನು ತೆರೆಯುವ ಉಪಕರಣ ಬರಲು ಇನ್ನೂ ನಲವತ್ತು ವರ್ಷಗಳಿಗೂ ಹೆಚ್ಚು ಹಿಡಿಯಿತು. ಅಲ್ಲಿಯವರೆಗೆ ಜನರು ಉಳಿ ಸುತ್ತಿಗೆಗಳಿಂದ ಡಬ್ಬಿಗಳನ್ನು ಒಡೆದು ಉಣ್ಣುತ್ತಿದ್ದರು. ಹೊದಿಕೆಯನ್ನು ಮಾಡುವವನು ಅದನ್ನು ತೆರೆಯುವವನ ಕೈಯನ್ನು ಮರೆಯುವುದು ಇಂದಿಗೂ ನಿಂತಿಲ್ಲ.

ಗೆದ್ದದ್ದು ಡಬ್ಬಿಯಾದರೂ ಅದರ ಬೆಲೆ ಒಳಗಿನ ಬೆಲ್ಲಕ್ಕಿಂತ ಹೆಚ್ಚಾಗಿತ್ತು. ಪ್ಲಾಸ್ಟಿಕ್ ಅಗ್ಗ, ಆದರೆ ಊರಿನ ನಾಲೆಯ ತೂಬಿನಲ್ಲಿ ಸಿಕ್ಕಿಕೊಂಡಿದ್ದುದೆಲ್ಲ ಅದೇ. ತರಗತಿಯಲ್ಲಿ ಎರಡು ಪಕ್ಷಗಳಾದವು. ಕೆಡುವ ಬೆಲ್ಲವೂ ಒಂದು ನಷ್ಟವೇ, ಅದನ್ನು ಬೆಳೆಯಲು ನೀರು ಗೊಬ್ಬರ ದುಡಿಮೆ ಎಲ್ಲವೂ ಖರ್ಚಾಗಿದೆ ಎಂದು ಒಂದು ಪಕ್ಷ. ನಾಲ್ಕು ದಿನದ ಅನುಕೂಲಕ್ಕೆ ನಾಲ್ಕು ತಲೆಮಾರಿನ ಕಸವೇ ಎಂದು ಇನ್ನೊಂದು. ವಾದ ಮುಗಿಯಲಿಲ್ಲ, ಮುಗಿಯುವಂತಹದೂ ಅಲ್ಲ. ಕೊನೆಗೆ ಅರ್ಧ ಕಿಲೋ ಹಿಡಿಸುವ ರಟ್ಟಿನ ಪೆಟ್ಟಿಗೆ, ಒಳಗೆ ಪ್ರತಿ ಅಚ್ಚಿಗೂ ಎರಡು ಸುತ್ತು ಮೇಣಗಾಗದ ಎಂದು ಗೊತ್ತಾಯಿತು. ಒಂದು ಮನೆಯವರು ಹದಿನೈದು ದಿನಗಳಲ್ಲಿ ಮುಗಿಸುವಷ್ಟೇ ಬೆಲ್ಲ. ಅಷ್ಟು ದಿನ ಮೇಣಗಾಗದ ತಡೆಯುತ್ತದೆಯೆಂದು ತಕ್ಕಡಿ ಹೇಳಿತ್ತು.

ಹೊರಮೈಯ ಚಿತ್ರದ ಸರದಿ ಬಂದಾಗ ಅಧ್ಯಾಪಕರು ಮೈಸೂರು ಸ್ಯಾಂಡಲ್ ಸಾಬೂನಿನ ಪೆಟ್ಟಿಗೆಯೊಂದನ್ನು ತೋರಿಸಿದರು. ಮೊದಲ ಮಹಾಯುದ್ಧದ ಕಾಲದಲ್ಲಿ ಶ್ರೀಗಂಧವು ಹೊರದೇಶಗಳಿಗೆ ಹೋಗದೆ ಮೈಸೂರು ಸಂಸ್ಥಾನದಲ್ಲಿ ಉಳಿದುಹೋಯಿತು. ಅದರ ಎಣ್ಣೆಯಿಂದ ಸಾಬೂನು ಮಾಡುವ ಸರಕಾರಿ ಕಾರ್ಖಾನೆ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಬೆಂಗಳೂರಿನಲ್ಲಿ ಆರಂಭವಾಯಿತು. ಸಾಬೂನಿನ ರಸಾಯನವನ್ನು ರೂಪಿಸಿದ ಎಸ್. ಜಿ. ಶಾಸ್ತ್ರಿಗಳು ಅದಕ್ಕೆ ಅಂಡಾಕಾರವನ್ನೂ ಒಡವೆಯ ಪೆಟ್ಟಿಗೆಯನ್ನು ಹೋಲುವ ಹೊದಿಕೆಯನ್ನೂ ಕೊಟ್ಟರು. ಸಿಂಹದ ದೇಹ, ಆನೆಯ ತಲೆಯುಳ್ಳ ಶರಭವನ್ನು ಲಾಂಛನವಾಗಿಸಿದರು. ಓದು ಬಾರದವರೂ ಆ ಪೆಟ್ಟಿಗೆಯನ್ನು ದೂರದಿಂದ ಗುರುತಿಸಬಲ್ಲರು.

ಇದನ್ನು ಕಂಡ ಉತ್ಸಾಹದಲ್ಲಿ ಒಂದು ಗುಂಪು ಬಂಗಾರದ ಬಣ್ಣದ ಭಾರಿ ಪೆಟ್ಟಿಗೆಯನ್ನೇ ಮಾಡಿತು. ಅದರೊಳಗೂ ಅರ್ಧ ಕಿಲೋ ಬೆಲ್ಲವೇ. ಅಧ್ಯಾಪಕರು ಏನನ್ನೂ ಹೇಳದೆ ಅಂಗಳದಲ್ಲಿ ಆಡುತ್ತಿದ್ದ ಚಿಕ್ಕ ಹುಡುಗನೊಬ್ಬನನ್ನು ಕರೆದು, “ಇವೆರಡರಲ್ಲಿ ಹೆಚ್ಚು ಬೆಲ್ಲ ಯಾವುದರಲ್ಲಿದೆ, ಹೇಳಪ್ಪ” ಎಂದರು. ಅವನು ಹಿಂದುಮುಂದು ನೋಡದೆ ದೊಡ್ಡದನ್ನು ತೋರಿಸಿದನು. ಆ ಗುಂಪಿನವರು ಮರುದಿನ ಪೆಟ್ಟಿಗೆಯನ್ನು ಕತ್ತರಿಸಿ ಚಿಕ್ಕದು ಮಾಡಿಕೊಂಡು ಬಂದರು.

ಉಳಿದದ್ದು ಬರೆಹ. ಪೊಟ್ಟಣದ ಮೇಲೆ ತಯಾರಕರ ಹೆಸರು ಮತ್ತು ವಿಳಾಸ, ನಿವ್ವಳ ತೂಕ, ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಮಾರಾಟ ಬೆಲೆ, ದೂರು ಹೇಳಬೇಕಾದ ವಿಳಾಸ ಇವೆಲ್ಲ ಇರಬೇಕೆಂದು 2011ರ ಕಾನೂನು ಮಾಪನ ನಿಯಮಗಳು ವಿಧಿಸುತ್ತವೆ. ಸಸ್ಯಾಹಾರಕ್ಕೆ ಚೌಕದೊಳಗಿನ ಹಸಿರು ಚುಕ್ಕೆಯೂ ಬೇಕು. ಇವನ್ನೆಲ್ಲ ಮಕ್ಕಳು ಅಂದವಾಗಿ ಬರೆದರು. ಮೇಲ್ಗಡೆ ದಪ್ಪ ಅಕ್ಷರಗಳಲ್ಲಿ ‘ಅಪ್ಪಟ ಶುದ್ಧ ಬೆಲ್ಲ, ಯಾವ ರಾಸಾಯನಿಕವೂ ಇಲ್ಲ’ ಎಂದೂ ಸೇರಿಸಿದರು.

ಆಲೆಮನೆಯ ಹುಡುಗಿ ತಲೆ ತಗ್ಗಿಸಿ ಕುಳಿತಿದ್ದಳು. ಬಹಳ ಹೊತ್ತಿನ ಮೇಲೆ ಎದ್ದು ನಿಂತು, “ಆ ಸಾಲನ್ನು ತೆಗೆದುಬಿಡಿ, ಸಾರ್” ಎಂದಳು.

“ಏಕಮ್ಮ?”

“ಪಾಕಕ್ಕೆ ಹಳದಿ ಬಣ್ಣ ಬರಲೆಂದು ಅಪ್ಪ ಹೈಡ್ರೋಸು ಹಾಕುತ್ತಾರೆ. ಎಲ್ಲ ಆಲೆಮನೆಯವರೂ ಹಾಕುತ್ತಾರೆ. ಹಾಕದಿದ್ದರೆ ಬೆಲ್ಲ ಕಪ್ಪಾಗುತ್ತದೆ. ಕಪ್ಪು ಬೆಲ್ಲವನ್ನು ಮಂಡಿಯಲ್ಲಿ ಕೇಳುವವರಿಲ್ಲ.”

ತರಗತಿ ನಿಶ್ಶಬ್ದವಾಯಿತು. ಹೈಡ್ರೋಸೆಂದರೆ ಸೋಡಿಯಂ ಹೈಡ್ರೋಸಲ್ಫೈಟು. ಪಾಕದ ಕಂದು ಬಣ್ಣವನ್ನು ಕಳೆಯುವ ಪುಡಿ. ಅದನ್ನು ಹಾಕಿದ ಬೆಲ್ಲದಲ್ಲಿ ಗಂಧಕದ ಅಂಶ ಉಳಿಯುತ್ತದೆ. ಹಿಂದೆ ಬೆಂಡೆಯ ಗಿಡದ ಲೋಳೆಯನ್ನು ಹಾಕಿ ಕೊಳೆಯನ್ನು ಮೇಲೆ ತರಿಸಿ ತೆಗೆಯುತ್ತಿದ್ದರು. ಆ ಬೆಲ್ಲ ಕಂದು ಬಣ್ಣದ್ದಾಗಿರುತ್ತಿತ್ತು. ತಪ್ಪು ಆಲೆಮನೆಯವನದೇ ಎಂದು ಹೇಳುವುದು ಸುಲಭ. ಆದರೆ ಕೊಳ್ಳುವವನ ಕಣ್ಣು ಹಳದಿಯನ್ನೇ ಬೇಡುತ್ತಿದ್ದರೆ ಅವನು ಮಾಡುವುದೇನು? ಅಧ್ಯಾಪಕರು ಹುಡುಗಿಯನ್ನು ಕುಳಿತುಕೊಳ್ಳಲು ಹೇಳಿ, ತಾವೇ ಕರಿಹಲಗೆಯ ಮೇಲಿದ್ದ ಆ ಸಾಲನ್ನು ಒರೆಸಿದರು. ಅಂದು ಮತ್ತೇನೂ ಪಾಠ ನಡೆಯಲಿಲ್ಲ.

ಹುಡುಗಿ ಮನೆಯಲ್ಲಿ ಏನು ಹೇಳಿದಳೋ, ತಂದೆ ಏನೆಂದು ಗದರಿದನೋ ಯಾರಿಗೂ ತಿಳಿಯದು. ಮುಂದಿನ ವಾರ ಆತನೇ ಶಾಲೆಯ ಬಾಗಿಲಿಗೆ ಬಂದು ಮೇಷ್ಟರನ್ನು ಕರೆದು, “ಒಂದು ಕೊಪ್ಪರಿಗೆ ಪಾಕವನ್ನು ಪುಡಿ ಹಾಕದೆ ಇಳಿಸಿಕೊಡುತ್ತೇನೆ. ಹೋಗದಿದ್ದರೆ ನಷ್ಟ ನನ್ನದು. ನಿಮ್ಮ ಹುಡುಗರು ಪೆಟ್ಟಿಗೆಯ ಮೇಲೆ ಏನು ಬರೆಯುತ್ತಾರೋ ನೋಡೋಣ” ಎಂದನು.

ಏನು ಬರೆಯಬೇಕೆಂಬುದಕ್ಕೆ ಮೂರು ದಿನ ಹಿಡಿಯಿತು. ಹೊಗಳಿಕೆಯ ಮಾತುಗಳೆಲ್ಲ ಒಂದೊಂದಾಗಿ ಬಿದ್ದುಹೋದವು. ಉಳಿದದ್ದು ಇಷ್ಟು: ‘ಈ ಬೆಲ್ಲಕ್ಕೆ ಬಣ್ಣದ ಪುಡಿ ಹಾಕಿಲ್ಲ, ಆದುದರಿಂದ ಕಂದಾಗಿದೆ. ತೆರೆದ ಮೇಲೆ ಮುಚ್ಚಳವಿರುವ ಡಬ್ಬಿಯಲ್ಲಿಡಿ. ಹದಿನೈದು ದಿನಗಳಲ್ಲಿ ಬಳಸಿ.’ ಕೆಳಗೆ ಶಾಲೆಯ ವಿಳಾಸ, ಆಲೆಮನೆಯ ವಿಳಾಸ. ಚಿತ್ರವಾಗಿ ಒಂದೇ ಕಬ್ಬಿನ ಜಲ್ಲೆ, ಒಂದೇ ಬಣ್ಣದಲ್ಲಿ. ಎರಡನೆಯ ಬಣ್ಣಕ್ಕೆ ಹಣವಿರಲಿಲ್ಲ.

ನಲವತ್ತು ಪೆಟ್ಟಿಗೆಗಳನ್ನು ಮಕ್ಕಳು ವಾರದ ಸಂತೆಗೆ ಒಯ್ದರು. ಬೆಳಿಗ್ಗೆ ಬಂದವರು ಕಪ್ಪು ಬೆಲ್ಲವೆಂದು ಮೂಗು ಮುರಿದು ಮುಂದೆ ಹೋದರು. ಮಧ್ಯಾಹ್ನ ಒಬ್ಬ ಅಜ್ಜಿ ಪೆಟ್ಟಿಗೆಯನ್ನು ಕೈಗೆತ್ತಿಕೊಂಡು, “ಏನು ಬರೆದೈತೆ, ಓದು ಮಗ” ಎಂದು ಹುಡುಗನೊಬ್ಬನಿಂದ ಓದಿಸಿ, ಚೂರೊಂದನ್ನು ಬಾಯಿಗೆ ಹಾಕಿಕೊಂಡು, “ನಮ್ಮತ್ತೆ ಕಾಲದ ಬೆಲ್ಲ ಇದು” ಎಂದು ಎರಡು ಪೆಟ್ಟಿಗೆ ಕೊಂಡಳು. ಅವಳ ಹಿಂದೆ ನಿಂತವರೂ ಕೊಂಡರು. ಸಂಜೆಗೆ ಒಂಬತ್ತು ಪೆಟ್ಟಿಗೆಗಳು ಉಳಿದವು. ಅವುಗಳಲ್ಲಿ ನಾಲ್ಕರ ಮೂಲೆ ಬಸ್ಸಿನ ಕುಲುಕಾಟಕ್ಕೆ ನಜ್ಜಾಗಿತ್ತು. ಮರುದಿನ ಮೊದಲ ಅವಧಿಯಲ್ಲಿ ಆ ನಾಲ್ಕನ್ನೂ ಮೇಜಿನ ಮೇಲಿಟ್ಟು, ಮೂಲೆಯ ಮಡಿಕೆಯನ್ನು ಎಲ್ಲಿ ಬದಲಿಸಬೇಕೆಂದು ಮಕ್ಕಳು ಅಳತೆಪಟ್ಟಿ ಹಿಡಿದು ಕುಳಿತರು.